ಬೆಕ್ಕಿನ ಚೇಷ್ಟೆಯೂ ಮನೆಯವರ ಋಣವೂ

ನಮ್ಮ ಹಿರಿಯರು ಗೋವಿಗೆ ಪೂಜೆಯನ್ನು ಸಲ್ಲಿಸಿದರು. ಆನೆಗೆ ಅಂಬಾರಿಯನ್ನು ಕಟ್ಟಿದರು. ಕುದುರೆಯನ್ನು ಬಿರುದುಗಳಿಂದ ಹೊಗಳಿದರು. ನಾಯಿಗೆ ಸಹ ಒಂದು ಗೌರವವು ಸಂದಿತು. ಧರ್ಮರಾಯನು ಸ್ವರ್ಗದ ಬಾಗಿಲಿನಲ್ಲಿಯೂ ತನ್ನನ್ನು ನಂಬಿ ಬಂದ ನಾಯಿಯನ್ನು ಕೈಬಿಡಲೊಲ್ಲದೆ ನಿಂತನೆಂಬುದು ಮಹಾಭಾರತವನ್ನು ಬಲ್ಲವರಿಗೆಲ್ಲ ತಿಳಿದ ವಿಷಯ. ಬೆಕ್ಕಿಗೆ ದೊರೆತುದೇನು? ಕಣ್ಣು ಮುಚ್ಚಿ ಹಾಲು ಕುಡಿಯುವುದೆಂಬ ಗಾದೆ, ಇಲಿಯ ಪ್ರಾಣಸಂಕಟವು ಅದಕ್ಕೆ ಚೆಲ್ಲಾಟವೆಂಬ ಗಾದೆ, ಊರಿಗೆ ಹೊರಟವರಿಗೆ ಅಡ್ಡ ಬಂದರೆ ಕೆಲಸ ಕೆಟ್ಟಿತೆಂಬ ಶಕುನದ ಮಾತು, ಇವಿಷ್ಟೆ. ಆದರೂ ಈ ಗಾದೆಗಳನ್ನಾಡುವ ಮನೆಗಳಲ್ಲಿಯೇ ಬೆಕ್ಕು ಬೆಚ್ಚನೆಯ ಮೂಲೆಯನ್ನು ತನ್ನದೆಂದು ಹಿಡಿದು ಮಲಗಿರುವುದು. ತೊಡೆಯ ಮೇಲೆ ಬಂದು ಕಣ್ಣು ಮುಚ್ಚಿತೆಂದರೆ, ಅದರ ನಿದ್ರೆಗೆ ಭಂಗ ಬಂದೀತೆಂದು ಯಜಮಾನರು ಕಾಲು ಜೋಮು ಹಿಡಿದರೂ ಅಲುಗಾಡದೆ ಕುಳಿತಿರುವರು. ಬಾಯಲ್ಲಿ ನಿಂದೆ, ತೊಡೆಯ ಮೇಲೆ ಆಸನ. ಈ ವಿಚಿತ್ರವಾದ ಸಂಬಂಧವನ್ನು ಸ್ವಲ್ಪ ವಿಚಾರಿಸಿ ನೋಡುವುದು ಅಪ್ರಯೋಜಕವಾಗಲಾರದು.

ಬೆಕ್ಕನ್ನು ಸಾಕಿದವರು ಮೇಲಿಂದ ಮೇಲೆ ಕೇಳಬೇಕಾಗುವ ಪ್ರಶ್ನೆಯೊಂದುಂಟು. "ನಾಯಿಯಾದರೆ ಮನೆಯನ್ನು ಕಾಯುತ್ತದೆ, ಕರೆದರೆ ಬರುತ್ತದೆ, ಉಂಡ ಮನೆಗೆ ಎರಡು ಬಗೆಯುವುದಿಲ್ಲ. ಈ ಕೃತಘ್ನ ಪ್ರಾಣಿಯಲ್ಲಿ ಏನನ್ನು ಕಂಡು ಮರುಳಾದಿರಿ?" ಎಂದು ನೆಂಟರು ಕೇಳುವರು. ಮನೆಯವರು ಅದರ ಚೇಷ್ಟೆಗಳನ್ನು ಒಂದೊಂದಾಗಿ ಹೇಳಿ ನಗುವರೇ ಹೊರತು ಪ್ರಶ್ನೆಗೆ ಸಮಾಧಾನವನ್ನು ಹೇಳುವುದಿಲ್ಲ. ಪ್ರಶ್ನೆಯಾದರೋ ಬೆಕ್ಕಿಗೆ ಮಾತ್ರ ಸಂಬಂಧಪಟ್ಟುದಲ್ಲ. ಪ್ರತ್ಯುಪಕಾರವನ್ನು ಮಾಡದ ಜೀವವನ್ನು ಪ್ರೀತಿಸುವುದು ಯುಕ್ತವೆ? ಒಂದು ಪ್ರಾಣಿಯಿಂದ ನಾವು ಸಂತೋಷವನ್ನು ಪಡೆದಮೇಲೆ ಅದಕ್ಕೆ ನಮ್ಮಿಂದ ಸಲ್ಲಬೇಕಾದುದು ಏನಾದರೂ ಉಂಟಾಗುವುದೆ? ಇವೆರಡನ್ನೂ ಕೂಡಿಸಿ ನೋಡಿದಲ್ಲದೆ ಕೃತಘ್ನರು ಯಾರೆಂಬುದು ನಿರ್ಣಯವಾಗುವಂತಿಲ್ಲ.

ಮೊದಲು ಆರೋಪಪತ್ರವನ್ನು ನೋಡೋಣ. ಅದು ಇಂದು ನಿನ್ನೆಯದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನನು ಉಲೂಕನ ಮೂಲಕ ಪಾಂಡವರಿಗೆ ಹೇಳಿಕಳುಹಿಸುವ ಕಥೆಯಲ್ಲಿ, ಗಂಗಾತೀರದಲ್ಲಿ ತೋಳೆತ್ತಿ ತಪಸ್ಸು ಮಾಡುವಂತೆ ನಟಿಸಿದ ಬೆಕ್ಕೊಂದು ತನ್ನನ್ನು ನಂಬಿದ ಇಲಿಗಳನ್ನು ಒಂದೊಂದಾಗಿ ನುಂಗುವುದು. ಹಿತೋಪದೇಶದ ದೀರ್ಘಕರ್ಣನು ವ್ರತದ ಮಾತಾಡಿ ಕುರುಡ ಹದ್ದನ್ನು ಮೋಸಗೊಳಿಸುವನು. ಮನುಸ್ಮೃತಿಯಲ್ಲಿ ಕಪಟಧಾರ್ಮಿಕನಿಗೆ ಬೈಡಾಲವ್ರತಿಕನೆಂದೇ ಹೆಸರು. ಮಾಮಲ್ಲಪುರದ ಬಂಡೆಯ ಮೇಲೆ ಪಲ್ಲವರ ಶಿಲ್ಪಿಗಳು 7ನೆಯ ಶತಮಾನದಲ್ಲಿ ಕಡೆದ ಮಹಾಚಿತ್ರದಲ್ಲಿಯೂ ಮುಂಗಾಲುಗಳನ್ನು ಮೇಲಕ್ಕೆತ್ತಿ ತಪಸ್ಸಿಗೆ ನಿಂತ ಬೆಕ್ಕು ಉಂಟು. ಅದರ ಕಾಲ ಬಳಿ ಇಲಿಗಳು ಭಕ್ತಿಯಿಂದ ಸೇರಿರುವುವು. ಆದರೆ ಇವೆಲ್ಲವೂ ವಾಸ್ತವವಾಗಿ ಮನುಷ್ಯರ ಕಪಟವನ್ನು ಕುರಿತವು. ಮನೆಯ ಬೆಕ್ಕು ಜಪಮಾಲೆಯನ್ನು ಹಿಡಿದುದನ್ನು ಯಾರೂ ಕಂಡಿಲ್ಲ. ಹಸಿವಾದರೆ ಕೂಗುವುದು, ಸಾಕಾದರೆ ಎದ್ದುಹೋಗುವುದು, ಸಿಟ್ಟು ಬಂದರೆ ಪರಚುವುದು. ಮನಸ್ಸಿನಲ್ಲಿರುವುದನ್ನು ಇಷ್ಟು ಬಹಿರಂಗವಾಗಿ ತೋರಿಸುವ ಪ್ರಾಣಿಯನ್ನು ಕಪಟಕ್ಕೆ ಉಪಮಾನವಾಗಿ ಆರಿಸಿಕೊಂಡುದು ಕವಿಗಳ ಸ್ವಾತಂತ್ರ್ಯವೆನ್ನಬೇಕು.

ಇನ್ನು ಅದರ ಚೇಷ್ಟೆಗಳು. ಮನೆಯಲ್ಲಿ ಹಾಸಿಗೆ, ಚಾಪೆ, ಮೆತ್ತೆಗಳು ಎಷ್ಟಿದ್ದರೂ ಬೆಕ್ಕು ಬಂದು ಕೂಡುವುದು ನಾವು ಓದುತ್ತಿರುವ ವೃತ್ತಪತ್ರಿಕೆಯ ಮೇಲೆ. ಅದೂ ನಾವು ಓದುತ್ತಿರುವ ಸಾಲಿನ ಮೇಲೆಯೇ. ಇಂದಿನ ಮನೆಗಳಲ್ಲಿ ಗಣಕಯಂತ್ರದ ಕೀಲಿಮಣೆಗೂ ಇದೇ ಗತಿ. ಹಬ್ಬಕ್ಕೆಂದು ತಂದ ಸೀರೆಯನ್ನು ತೆಗೆದಿಟ್ಟು ಬರಿಯ ರಟ್ಟಿನ ಪೆಟ್ಟಿಗೆಯನ್ನು ಮೂಲೆಗೆ ಹಾಕಿದರೆ, ಮರುಕ್ಷಣದಲ್ಲಿ ಪೆಟ್ಟಿಗೆಯೊಳಗಿಂದ ಎರಡು ಕಿವಿಗಳು ಕಾಣಿಸುವುವು. ಪೆಟ್ಟಿಗೆ ಚಿಕ್ಕದಾದಷ್ಟೂ ಅದಕ್ಕೆ ಪ್ರೀತಿ ಹೆಚ್ಚು; ದೇಹದ ಅರ್ಧಭಾಗವು ಹೊರಗೆ ಚೆಲ್ಲುತ್ತಿದ್ದರೂ ಸಿಂಹಾಸನವನ್ನೇರಿದಂತೆ ಗಂಭೀರವಾಗಿ ಕುಳಿತಿರುವುದು. ಮೇಜಿನ ಅಂಚಿನಲ್ಲಿ ಚಮಚವನ್ನೋ ಪೆನ್ಸಿಲನ್ನೋ ಕಂಡರೆ ಮುಂಗಾಲಿನಿಂದ ಸ್ವಲ್ಪ ತಳ್ಳುವುದು, ನಮ್ಮ ಮುಖವನ್ನು ನೋಡುವುದು, ಮತ್ತಷ್ಟು ತಳ್ಳುವುದು. ನಾವು "ಬೇಡ" ಎನ್ನುವುದರೊಳಗಾಗಿ ವಸ್ತುವು ಕೆಳಗೆ ಬಿದ್ದಿರುವುದು. ಬಿದ್ದ ವಸ್ತುವಿನಲ್ಲಿ ಅದಕ್ಕೆ ಆಮೇಲೆ ಯಾವ ಆಸಕ್ತಿಯೂ ಇರುವುದಿಲ್ಲ.

ಊಟದ ಹೊತ್ತಿನಲ್ಲಿ ಅದರ ವಿನಯವನ್ನು ನೋಡಬೇಕು. ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ಕಾಲಿನಿಂದ ಕಾಲಿಗೆ ಒರಸಿಕೊಂಡು ಸುತ್ತುವುದು. ಪಾಯಸವನ್ನು ಮುಂದಿಟ್ಟರೆ ಮೂಸಿ ನೋಡಿ ಹಿಂದೆಗೆಯುವುದು. "ಎಂಥ ಜಂಬ ನೋಡಿ" ಎಂದು ಬಡಿಸುವವರು ನೊಂದುಕೊಳ್ಳುವರು. ವಸ್ತುಸ್ಥಿತಿಯೇನೆಂದರೆ, ಸಿಹಿಯನ್ನು ಗುರುತಿಸಲು ಬೇಕಾದ ಎರಡು ವಂಶವಾಹಿಗಳಲ್ಲಿ ಒಂದು ಬೆಕ್ಕಿನ ಜಾತಿಯಲ್ಲಿ ಕೆಲಸ ಮಾಡುವುದಿಲ್ಲವೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಸಕ್ಕರೆಯ ರುಚಿಯೇ ಅದಕ್ಕೆ ತಿಳಿಯದು. ನಡುರಾತ್ರಿಯಲ್ಲಿ ಯಾವ ಕಾರಣವೂ ಕಾಣದೆ ಹಜಾರದ ಈ ತುದಿಯಿಂದ ಆ ತುದಿಗೆ ಓಡುವುದು. ಗೋಡೆಯ ಮೇಲಿನ ಬೆಳಕಿನ ಚುಕ್ಕೆಯನ್ನು ಶತ್ರುವೆಂದು ಬಗೆದು ಹೊಂಚುಹಾಕುವುದು. ಹಾರಿದ ಅಳತೆ ತಪ್ಪಿ ಬಿದ್ದರೆ, ಬೀಳುವುದೇ ತನ್ನ ಉದ್ದೇಶವಾಗಿತ್ತೆಂಬಂತೆ ಕುಳಿತು ಮೈಯನ್ನು ನೆಕ್ಕಿಕೊಳ್ಳತೊಡಗುವುದು. ಎತ್ತರದಿಂದ ಬೆನ್ನಡಿಯಾಗಿ ಬಿದ್ದರೂ ಅದು ನಡುಗಾಳಿಯಲ್ಲಿ ಮೈ ತಿರುಗಿಸಿ ಕಾಲೂರುವ ವಿದ್ಯೆಯನ್ನು 1894ರಲ್ಲಿ ಫ್ರಾನ್ಸಿನ ಮರೇ ಎಂಬ ವಿಜ್ಞಾನಿಯು ಸಾಲುಸಾಲಾದ ಛಾಯಾಚಿತ್ರಗಳಲ್ಲಿ ಹಿಡಿದು ತೋರಿಸಿದನು. ಆದರೆ ಬಿದ್ದಮೇಲೆ ಮಾನವನ್ನು ಕಾಪಾಡಿಕೊಳ್ಳುವ ವಿದ್ಯೆಯನ್ನು ಯಾವ ಯಂತ್ರವೂ ಹಿಡಿಯಲಾರದು.

ಇವುಗಳಿಗೆ ನಾವು ನಗುವುದೇಕೆ? ಕೋತಿಯ ಚೇಷ್ಟೆಗೆ ನಗುವುದು ಬೇರೆ. ಕೋತಿಯು ಚೇಷ್ಟೆಗೆಂದೇ ಹುಟ್ಟಿದಂತೆ ನಮಗೆ ತೋರುವುದು. ಬೆಕ್ಕಾದರೋ ಗಂಭೀರವಾದ ಪ್ರಾಣಿ. ಗಾಂಭೀರ್ಯವು ಎಡವಿದಲ್ಲಿಯೇ ಹಾಸ್ಯವು ಹುಟ್ಟುವುದು. ಸಭೆಯಲ್ಲಿ ಭಾಷಣಕ್ಕೆ ನಿಂತ ಮಹನೀಯರು ಮಾತು ತಪ್ಪಿದಾಗ ಕನ್ನಡಕವನ್ನು ತೆಗೆದು ಒರಸಿಕೊಳ್ಳುವುದಕ್ಕೂ, ಅಟ್ಟದಿಂದ ಜಾರಿದ ಬೆಕ್ಕು ಮುಂಗಾಲನ್ನು ನೆಕ್ಕಿಕೊಳ್ಳುವುದಕ್ಕೂ ನೋಡುವವರ ಕಣ್ಣಿಗೆ ಹೆಚ್ಚು ಭೇದವಿಲ್ಲ. ಬೆಕ್ಕಿನಲ್ಲಿ ನಾವು ನಮ್ಮ ಸಣ್ಣತನಗಳನ್ನು, ಆದರೆ ಅವುಗಳಿಂದ ಯಾರಿಗೂ ಕೇಡಾಗದ ರೂಪದಲ್ಲಿ, ಕಾಣುವೆವು. ಆಫೀಸಿನಿಂದ ಬೇಸತ್ತು ಬಂದವರೂ, ಪರೀಕ್ಷೆಯ ಚಿಂತೆಯಲ್ಲಿರುವ ಹುಡುಗರೂ, ಮಾತಾಡಿಸುವವರಿಲ್ಲದ ಮುದುಕರೂ ದಿನಕ್ಕೊಮ್ಮೆಯಾದರೂ ಅದರ ದೆಸೆಯಿಂದ ನಗುವರು. ಇದು ಸಣ್ಣ ಲಾಭವಲ್ಲ. ಈ ಲಾಭವನ್ನು ಲೆಕ್ಕದಲ್ಲಿ ಬರೆದುಕೊಂಡು ಮುಂದಕ್ಕೆ ಹೋಗೋಣ.

ಬೆಕ್ಕಿನ ಮೇಲಿನ ಮೊದಲನೆಯ ಆರೋಪವು ಸ್ವಾರ್ಥ. ಇದರಲ್ಲಿ ಒಂದು ಸತ್ಯಾಂಶವುಂಟು. ಮನುಷ್ಯನು ಬೆಕ್ಕನ್ನು ಬೇಟೆಯಾಡಿ ಹಿಡಿದು ಪಳಗಿಸಿದುದಲ್ಲ. ಅವನು ಬೇಸಾಯವನ್ನು ಕಲಿತು ಧಾನ್ಯವನ್ನು ಕೂಡಿಟ್ಟನು. ಧಾನ್ಯಕ್ಕೆ ಇಲಿಗಳು ಬಂದುವು. ಇಲಿಗಳನ್ನರಸಿ ಕಾಡುಬೆಕ್ಕು ಬಂದಿತು. ಇಂದಿನ ಸಾಕುಬೆಕ್ಕುಗಳ ವಂಶವು ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕಗಳ ಕಡೆಯ ಕಾಡುಬೆಕ್ಕಿನಿಂದ ಬಂದುದೆಂದು ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಶಾಂತಿಪರ್ವದಲ್ಲಿ ಭೀಷ್ಮನು ಹೇಳುವ ಕಥೆಯೊಂದರಲ್ಲಿ ಪಲಿತನೆಂಬ ಇಲಿಯು ಬಲೆಗೆ ಬಿದ್ದ ಲೋಮಶನೆಂಬ ಬೆಕ್ಕಿನೊಡನೆ ಸಂಧಿ ಮಾಡಿಕೊಂಡು, ಇಬ್ಬರ ಅಪಾಯವೂ ಕಳೆದಮೇಲೆ ಸ್ನೇಹವನ್ನು ಮುಂದುವರಿಸಲೊಪ್ಪುವುದಿಲ್ಲ. ಕಾರಣವಿದ್ದಷ್ಟು ಕಾಲ ಮೈತ್ರಿ, ಕಾರಣವು ತೀರಿದರೆ ಮೈತ್ರಿಯೂ ತೀರಿತೆಂದು ಅದರ ವಾದ. ಮನುಷ್ಯನಿಗೂ ಬೆಕ್ಕಿಗೂ ಮೊದಲು ಆದ ಒಪ್ಪಂದವು ಇಂಥದೇ. ಆದರೆ ಅದು ಬಹು ಬೇಗನೆ ಒಪ್ಪಂದವನ್ನು ಮೀರಿತೆಂದು ತೋರುವುದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಗೋರಿಯನ್ನು ಅಗೆದಾಗ ಮನುಷ್ಯನೊಬ್ಬನ ಅಸ್ಥಿಯಿಂದ ಒಂದು ಮೊಳಕ್ಕೂ ಕಡಮೆ ದೂರದಲ್ಲಿ ಎಂಟು ತಿಂಗಳ ಬೆಕ್ಕೊಂದರ ಅಸ್ಥಿಯು ಅಖಂಡವಾಗಿ ದೊರೆಯಿತು. ಈ ಸಂಗತಿಯು 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಬೆಕ್ಕು ತಾನಾಗಿ ಹುಟ್ಟಿದ ಪ್ರಾಣಿಯಲ್ಲ; ಯಾರೋ ಅದನ್ನು ದೋಣಿಯಲ್ಲಿ ತಂದಿರಬೇಕು. ಬರಿಯ ಇಲಿ ಹಿಡಿಯುವ ಆಳಿಗೆ ಒಡೆಯನ ಪಕ್ಕದಲ್ಲಿ ಗೋರಿಯನ್ನು ಯಾರು ಕೊಡುವರು?

ಇಂದು ಪಟ್ಟಣದ ಅನೇಕ ಮನೆಗಳಲ್ಲಿ ಕಣಜವೂ ಇಲ್ಲ, ಇಲಿಯೂ ಇಲ್ಲ. ಬೆಕ್ಕು ಮಾತ್ರ ಉಂಟು. ಒಪ್ಪಂದದ ಕಾರಣವು ತೀರಿದರೂ ಸಂಬಂಧವು ಉಳಿದಿದೆ. ಅಷ್ಟೇ ಅಲ್ಲ, ನಮ್ಮೊಡನೆ ಬಾಳಲು ಬೆಕ್ಕು ಒಂದು ಭಾಷೆಯನ್ನೇ ಬೆಳಸಿಕೊಂಡಿದೆ. ಮರಿಗಳು ತಾಯಿಯನ್ನು ಕರೆಯಲು ಮಿಯಾವ್ ಎನ್ನುವುವು; ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಆ ಸ್ವರವನ್ನು ಬಹು ಅಪರೂಪವಾಗಿ ಉಪಯೋಗಿಸುವುವು. ಅದನ್ನು ಜೀವಮಾನವೆಲ್ಲ ಬಳಸುವುದು ಮನುಷ್ಯರನ್ನು ಮಾತಾಡಿಸುವುದಕ್ಕೆ. ಹಸಿದ ಬೆಕ್ಕು ತನ್ನ ಗುರುಗುಟ್ಟುವ ಸದ್ದಿನೊಳಗೆ ಅಳುವಿನಂಥ ಎಳೆಯೊಂದನ್ನು ಸೇರಿಸುವುದೆಂದೂ, ಕೇಳಿದವರಿಗೆ ಅದನ್ನು ಅಲಕ್ಷ್ಯ ಮಾಡುವುದು ಕಷ್ಟವಾಗುವುದೆಂದೂ 2009ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು ಕಂಡುಕೊಂಡರು. "ನೋಡಿದಿರಾ, ಉಪಾಯ!" ಎಂದು ಕೆಲವರು ಆಕ್ಷೇಪಿಸಬಹುದು. ತೊಟ್ಟಿಲ ಮಗುವಿನ ಅಳುವೂ ಈ ಅರ್ಥದಲ್ಲಿ ಉಪಾಯವೇ. ಅದನ್ನು ಯಾವ ತಾಯಿಯೂ ಕಪಟವೆನ್ನುವುದಿಲ್ಲ. ಬೇಕಾದುದನ್ನು ಬೇಕೆಂದು ಕೇಳುವುದು ಆಶ್ರಿತರ ಸಹಜಧರ್ಮ.

ಎರಡನೆಯ ಆರೋಪವು ಉದಾಸೀನ: ಕರೆದರೆ ಬಾರದು, ಬಂದರೆ ನಿಲ್ಲದು, ಅದು ನಂಬಿರುವುದು ಮನೆಯನ್ನೇ ಹೊರತು ಮನೆಯವರನ್ನಲ್ಲ ಎಂಬುದು. ಜಪಾನಿನ ಇಬ್ಬರು ಸಂಶೋಧಕರು 20 ಸಾಕುಬೆಕ್ಕುಗಳಿಗೆ ಅಪರಿಚಿತರ ದನಿಯನ್ನೂ ಒಡೆಯರ ದನಿಯನ್ನೂ ಕೇಳಿಸಿ, 2013ರಲ್ಲಿ ಫಲವನ್ನು ಪ್ರಕಟಿಸಿದರು. ಬೆಕ್ಕುಗಳು ಒಡೆಯರ ದನಿಯನ್ನು ಗುರುತಿಸಿದುವು. ಕಿವಿಯನ್ನು ತಿರುಗಿಸಿದುವು, ತಲೆಯನ್ನು ಹೊರಳಿಸಿದುವು. ಆದರೆ ಓಗೊಡುವ ಗೋಜಿಗೆ ಸಾಮಾನ್ಯವಾಗಿ ಹೋಗಲಿಲ್ಲ. 2019ರಲ್ಲಿ ಅವು ತಮ್ಮ ಹೆಸರನ್ನೂ ಬಲ್ಲವೆಂದು ತಿಳಿದುಬಂದಿತು. ಎಂದರೆ ನಾವು ಕರೆದುದು ಅದಕ್ಕೆ ಕೇಳಿಸಿದೆ. ಬರುವುದೋ ಬಿಡುವುದೋ ಅದರ ಚಿತ್ತ. ಅದೇ ವರ್ಷ ಅಮೆರಿಕದ ಆರೆಗನ್ ಪ್ರಾಂತದ ವಿಶ್ವವಿದ್ಯಾನಿಲಯದವರು ಬೆಕ್ಕಿನ ಮರಿಗಳನ್ನು ಅಪರಿಚಿತವಾದ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟು, ಬಳಿಕ ಸಾಕಿದವರನ್ನು ಒಳಕ್ಕೆ ಕಳುಹಿಸಿ ನೋಡಿದರು. ನೂರಕ್ಕೆ ಸುಮಾರು 64ರಷ್ಟು ಮರಿಗಳು ಸಾಕಿದವರನ್ನು ಕಂಡೊಡನೆ ಸಮಾಧಾನಗೊಂಡು, ಮತ್ತೆ ಧೈರ್ಯವಾಗಿ ಆಟಕ್ಕೆ ತೊಡಗಿದುವು. ಕಣ್ಣು ಮುಚ್ಚುವ ಗಾದೆಯ ವಿಚಾರವೂ ಹೀಗೆಯೇ. ಬೆಕ್ಕು ನಮ್ಮನ್ನು ನೋಡುತ್ತ ಮೆಲ್ಲಗೆ ರೆಪ್ಪೆಗಳನ್ನು ಅರೆಮುಚ್ಚುವುದು ವಿಶ್ವಾಸದ ಚಿಹ್ನೆಯೆಂದೂ, ನಾವು ಹಾಗೆಯೇ ಮಾಡಿದರೆ ಅದು ಹತ್ತಿರ ಬರಲು ಹೆಚ್ಚು ಒಪ್ಪುವುದೆಂದೂ 2020ರ ಒಂದು ಪರೀಕ್ಷೆಯು ತೋರಿಸಿದೆ. ನಾವು ಕಳ್ಳತನಕ್ಕೆ ಗುರುತೆಂದುಕೊಂಡುದು ಅದರ ಭಾಷೆಯಲ್ಲಿ ನಂಬಿಕೆಗೆ ಗುರುತಾಯಿತು.

ಆದುದರಿಂದ ಬೆಕ್ಕಿಗೆ ಪ್ರೀತಿಯಿಲ್ಲವೆಂಬುದು ಸರಿಯಲ್ಲ, ವಿಧೇಯತೆಯಿಲ್ಲವೆಂಬುದು ಸರಿ. ಇವೆರಡನ್ನೂ ಒಂದೇ ಎಂದು ಭ್ರಮಿಸುವುದು ಮನುಷ್ಯರ ಹಳೆಯ ಅಭ್ಯಾಸ. ಮಗನು ಎದುರು ಮಾತಾಡಿದರೆ ಪ್ರೀತಿಯಿಲ್ಲವೆಂದು ತಂದೆಯೂ, ಸೊಸೆಯು ತನ್ನ ಇಷ್ಟವನ್ನು ಹೇಳಿದರೆ ಗೌರವವಿಲ್ಲವೆಂದು ಅತ್ತೆಯೂ, ಉಪಕಾರವನ್ನು ಪಡೆದವನು ನಾಲ್ಕು ಜನರ ಮುಂದೆ ಹೊಗಳದಿದ್ದರೆ ಕೃತಘ್ನನೆಂದು ಉಪಕಾರಿಯೂ ನೊಂದುಕೊಳ್ಳುವುದುಂಟು. ಇಂಥಲ್ಲಿ ನಾವು ಬಯಸುವುದು ಕೃತಜ್ಞತೆಯನ್ನೋ, ನಮ್ಮ ದೊಡ್ಡತನಕ್ಕೆ ಸಾಕ್ಷಿಯನ್ನೋ ಎಂಬುದನ್ನು ವಿಚಾರ ಮಾಡಬೇಕು. ಪ್ರತ್ಯುಪಕಾರವನ್ನು ಮಾಡಲಾರದವರಿಗೆ, ಕೊಡಬೇಕಾದುದೆಂಬ ಬುದ್ಧಿಯಿಂದ ಕೊಟ್ಟ ದಾನವೇ ಸಾತ್ವಿಕವಾದುದೆಂದು ಗೀತೆಯ 17ನೆಯ ಅಧ್ಯಾಯವು ಹೇಳುವುದನ್ನು ನಾವೆಲ್ಲ ಓದಿರುವೆವು. ಅದನ್ನು ಅಭ್ಯಾಸ ಮಾಡುವುದಕ್ಕೆ ಬೆಕ್ಕಿಗಿಂತ ಒಳ್ಳೆಯ ಪಾತ್ರವು ಮನೆಯೊಳಗೆ ಸಿಕ್ಕಲಾರದು. ಅದು ತೊಡೆಯ ಮೇಲೆ ಬಂದು ಕುಳಿತರೆ, ನಾವು ಕಟ್ಟಿಹಾಕಿದುದರಿಂದಲ್ಲ, ಹೆದರಿಸಿದುದರಿಂದಲ್ಲ, ಕಲಿಸಿದುದರಿಂದಲೂ ಅಲ್ಲ. ಬೇರೆಲ್ಲಿಗಾದರೂ ಹೋಗಬಹುದಾಗಿದ್ದರೂ ಅಲ್ಲಿಗೆ ಬಂದಿತು. ತಾನಾಗಿ ಬಂದ ಸ್ನೇಹಕ್ಕೆ ಬೆಲೆ ಹೆಚ್ಚೆಂಬುದನ್ನು ಬಲ್ಲವರು ಅದನ್ನು ಉದಾಸೀನವೆಂದು ದೂರಲಾರರು.

ಮೂರನೆಯ ಆರೋಪವು ಕ್ರೌರ್ಯ. ಇದನ್ನು ಮಾತ್ರ ನಗುತ್ತ ತಳ್ಳಿಹಾಕುವಂತಿಲ್ಲ. ಹಿಡಿದ ಇಲಿಯನ್ನು ಬಿಟ್ಟು, ಓಡಿದರೆ ಮತ್ತೆ ಹಿಡಿದು ಆಡಿಸುವುದು ನೋಡಲು ಘೋರವಾದುದು. ಬೆಕ್ಕಿಗೆ ಧರ್ಮಾಧರ್ಮಗಳ ವಿವೇಚನೆ ಇಲ್ಲದುದರಿಂದ ಅದಕ್ಕೆ ಪಾಪವಿಲ್ಲವೆನ್ನಬಹುದು. ಆದರೆ ನಿಂತು ನೋಡಿ ನಗುವವರಿಗೆ ಆ ವಿನಾಯಿತಿಯಿಲ್ಲ. ಶಾಕಾಹಾರಿಗಳ ಮನೆಯಲ್ಲಿ ಇನ್ನೊಂದು ತೊಡಕುಂಟು. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಅದರ ಕಣ್ಣಿಗೂ ಹೃದಯಕ್ಕೂ ಅವಶ್ಯಕವಾದ ಟಾರಿನ್ ಎಂಬ ದ್ರವ್ಯವು ಅನ್ನದಲ್ಲಾಗಲಿ ಬೇಳೆಯಲ್ಲಾಗಲಿ ಇಲ್ಲ, ಮಾಂಸದಲ್ಲಿ ಉಂಟು. ಹಾಲು ಸಹ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಚೆನ್ನಾಗಿ ಜೀರ್ಣವಾಗುವುದಿಲ್ಲ. ಹೀಗಿದ್ದೂ ನಾವು ಮೊಸರನ್ನವನ್ನಿಟ್ಟು ಸಾತ್ವಿಕವಾದ ಬೆಕ್ಕನ್ನು ಸಾಕಿದೆವೆಂದು ಹೆಮ್ಮೆಪಡುವೆವು; ಅದು ಹಿತ್ತಿಲಿನಲ್ಲಿ ಹಕ್ಕಿಯನ್ನೋ ಹಲ್ಲಿಯನ್ನೋ ಹಿಡಿದು ತನ್ನ ಕೊರತೆಯನ್ನು ತುಂಬಿಕೊಳ್ಳುವುದು; ನಾವು ಅದನ್ನು ಕಾಣದಂತಿರುವೆವು. ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯು ಇಲ್ಲಿ ಯಾರಿಗೆ ಅನ್ವಯಿಸುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೆಕ್ಕನ್ನು ಸಾಕುವೆನೆಂಬವರು ಅದರ ಆಹಾರವನ್ನೂ ಒಪ್ಪಿಕೊಳ್ಳಬೇಕು. ಒಪ್ಪಲಾರೆವೆಂಬವರು ಸಾಕದೆ ಇರುವುದು ಮೇಲು. ಅದರಲ್ಲಿ ಅವಮಾನವೇನೂ ಇಲ್ಲ.

ಈಗ ನಮ್ಮ ಕಡೆಯ ಲೆಕ್ಕವನ್ನು ನೋಡೋಣ. ಹೆಣ್ಣುಬೆಕ್ಕು ಗರ್ಭ ಧರಿಸಿದ ಒಂಬತ್ತು ವಾರಗಳಲ್ಲಿ ಮರಿ ಹಾಕುವುದು. ಅದು ಮರಿಗಳನ್ನು ಏಳು ಮನೆ ತಿರುಗಿಸುವುದೆಂಬ ಮಾತು ನಮ್ಮಲ್ಲುಂಟು. ಮರಿಗಳು ಕಣ್ಣು ಬಿಟ್ಟು, ತಡವರಿಸಿ ನಡೆದು, ತಮ್ಮ ಬಾಲವನ್ನೇ ಬೆನ್ನಟ್ಟಿ ಆಡುವ ಕಾಲಕ್ಕೆ ಮನೆಯಲ್ಲಿ ಉತ್ಸವವೇ ಸರಿ. ನೆರೆಯವರನ್ನು ಕರೆದು ತೋರಿಸುವರು, ಚಿತ್ರ ತೆಗೆಯುವರು, ಹೆಸರಿಡುವರು. ಆಮೇಲೆ ಒಂದು ದಿನ ಅವು ಹಾಸಿಗೆಯನ್ನು ಹೊಲಸು ಮಾಡುವುವು. ಆ ದಿನವೇ ಚೀಲವು ಹೊರಕ್ಕೆ ಬರುವುದು. ಊರ ಹೊರಗೋ, ಸಂತೆಯ ಮೈದಾನದಲ್ಲೋ, ದೇವಸ್ಥಾನದ ಹಿಂದೆಯೋ ಬಿಟ್ಟುಬಂದರೆ ಆಯಿತು. "ದೇವರು ನೋಡಿಕೊಳ್ಳುತ್ತಾನೆ" ಎಂಬ ಮಾತೊಂದನ್ನು ಜೊತೆಗೆ ಸೇರಿಸುವರು.

ಪರಿಚಿತರ ಮನೆಯೊಂದರಲ್ಲಿ ಇಂಥ ಪ್ರಸಂಗವನ್ನು ನಾವು ನೋಡಿದುದುಂಟು. ಆಳಿನ ಕೈಗೆ ಚೀಲವನ್ನು ಕೊಟ್ಟು ಯಜಮಾನರು ಅಪ್ಪಣೆ ಮಾಡುತ್ತಿದ್ದಾಗ ಅವರ ಕಿರಿಯ ಮಗಳು ಬಾಗಿಲಿಗೆ ಬಂದು, "ಅಪ್ಪಾ, ಇವುಗಳ ಅಮ್ಮ ಬಂದು ಹುಡುಕಿದರೆ ನಾನು ಏನು ಹೇಳಲಿ?" ಎಂದಳು. ಯಜಮಾನರಿಗೆ ಉತ್ತರ ತೋಚಲಿಲ್ಲ. ಒಳಗಿದ್ದ ಅವರ ತಾಯಿಯವರು, "ಎರಡು ತಿಂಗಳು ತಡಿಯಪ್ಪ. ತಾಯಿ ಹಾಲು ಬಿಡಿಸಲಿ. ಆಮೇಲೆ ಒಂದೊಂದಕ್ಕೂ ಒಂದೊಂದು ಮನೆ ನಾನೇ ಕೇಳಿ ನೋಡ್ತೇನೆ. ಬಿಸಾಡೋದು ಅಂದರೆ ಅದೇನು ಎಲೆಯೆ?" ಎಂದರು. ಚೀಲವು ಒಳಕ್ಕೆ ಹೋಯಿತು. ಮೂರು ಮರಿಗಳಲ್ಲಿ ಎರಡಕ್ಕೆ ಮನೆಗಳು ದೊರೆತುವು. ಮೂರನೆಯದು ಯಾರೂ ಕೇಳದೆ ಅಲ್ಲಿಯೇ ಉಳಿಯಿತು. ಆ ವೃದ್ಧೆಗೆ ಬೆಕ್ಕೆಂದರೆ ವಿಶೇಷ ಮೋಹವಿರಲಿಲ್ಲ; ಅಡಿಗೆಮನೆಗೆ ಬಂದರೆ ಗದರಿಸಿ ಓಡಿಸುತ್ತಿದ್ದರು. ಮರಿಗಳೊಡನೆ ಆಡಿ ನಕ್ಕವರು ಬೇರೆಯವರು. ಅವುಗಳ ಪಾಲಿಗೆ ನಿಂತವರು ಇವರು. ಮೋಹವೂ ಧರ್ಮವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ದೃಷ್ಟಾಂತವು ಬೇಕಾಗಿಲ್ಲ.

ಶ್ರೀವೈಷ್ಣವ ಸಿದ್ಧಾಂತದಲ್ಲಿ ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎಂಬ ಎರಡು ಮಾತುಗಳು ಪ್ರಸಿದ್ಧವಾಗಿವೆ. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿ ಹೊತ್ತುಕೊಂಡು ಹೋಗುವುದು, ಮರಿಯ ಪ್ರಯತ್ನವೇನೂ ಇಲ್ಲ. ವಡಗಲೆಯವರು ಮೊದಲನೆಯದನ್ನೂ ತೆಂಗಲೆಯವರು ಎರಡನೆಯದನ್ನೂ ಶರಣಾಗತಿಗೆ ದೃಷ್ಟಾಂತವಾಗಿ ಹಿಡಿದರು. ಈ ದೃಷ್ಟಾಂತಕ್ಕೆ ಆಧಾರವಾದ ದೇಹಧರ್ಮವನ್ನು ಯಾರು ಬೇಕಾದರೂ ನೋಡಬಹುದು. ಕತ್ತಿನ ಹಿಂದಿನ ಸಡಿಲವಾದ ಚರ್ಮವನ್ನು ಹಿಡಿದೊಡನೆ ಮರಿಯು ಕೈಕಾಲುಗಳನ್ನು ಮಡಿಸಿ, ಮೈಯನ್ನು ಸಡಿಲಬಿಟ್ಟು, ಸುಮ್ಮನಾಗುವುದು. ತಾಯಿ ಹೊತ್ತೊಯ್ಯಲು ಅನುಕೂಲವಾಗಲೆಂದು ಪ್ರಕೃತಿಯು ಮಾಡಿರುವ ಏರ್ಪಾಡು ಇದು. ಹಿಡಿದ ಬಾಯಿ ತಾಯಿಯದೋ, ಹಿಡಿದ ಕೈ ಚೀಲಕ್ಕೆ ಹಾಕುವವನದೋ ಮರಿಗೆ ತಿಳಿಯದು. ಎರಡಕ್ಕೂ ಅದು ಒಂದೇ ವಿಧವಾಗಿ ಶರಣಾಗುವುದು. ಇಷ್ಟು ಪೂರ್ಣವಾದ ನಂಬಿಕೆಯು ನಮ್ಮ ಕೈಗೆ ಬಂದಾಗ ಅದನ್ನು ಎಲ್ಲಿಗೆ ಒಯ್ಯುವೆವೆಂಬುದೇ ಈ ಲೇಖನದ ಮುಖ್ಯ ಪ್ರಶ್ನೆ. ಕಾನೂನು ಇದಕ್ಕೆ ಒಂದು ಉತ್ತರವನ್ನು ಕೊಟ್ಟಿದೆ: ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಮೇರೆಗೆ ಅಪರಾಧ. ಆದರೆ ಕತ್ತಲಲ್ಲಿ ಚೀಲವನ್ನು ಬಿಚ್ಚುವವರನ್ನು ಕಾಯಿದೆಯು ಕಾಣಲಾರದು. ಅವರ ಮನಸ್ಸೇ ಕಾಣಬೇಕು.

ಋಣವೆಂದರೆ ಮರಿಗಳನ್ನು ಬಿಸಾಡದಿರುವುದಷ್ಟೇ ಅಲ್ಲ. ಇಂಗ್ಲಿಷ್ ನಿಘಂಟುಕಾರನಾದ ಡಾಕ್ಟರ್ ಜಾನ್ಸನ್ನನು ಹಾಡ್ಜ್ ಎಂಬ ಬೆಕ್ಕನ್ನು ಸಾಕಿದ್ದನು. ಅದಕ್ಕೆ ಸಿಂಪಿಗಳನ್ನು ತರಲು ಅವನು ತಾನೇ ಅಂಗಡಿಗೆ ಹೋಗುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದ ಬಾಸ್ವೆಲ್ಲನು ಹೇಳಿರುವನು. ಆಳುಗಳಿಗೆ ಆ ಕೆಲಸವನ್ನು ಒಪ್ಪಿಸಿದರೆ, ಒಂದು ಬೆಕ್ಕಿಗಾಗಿ ತಾವು ತಿರುಗಬೇಕಾಯಿತಲ್ಲವೆಂದು ಅವರು ಆ ಮೂಕಪ್ರಾಣಿಯ ಮೇಲೆ ದ್ವೇಷ ಸಾಧಿಸಿಯಾರೆಂಬ ಭಯವೇ ಅದಕ್ಕೆ ಕಾರಣ. ಲಂಡನ್ನಿನಲ್ಲಿ ಜಾನ್ಸನ್ನನು ವಾಸವಾಗಿದ್ದ ಮನೆಯೊಂದರ ಮುಂದೆ 1997ರಲ್ಲಿ ಆ ಬೆಕ್ಕಿನ ಪ್ರತಿಮೆಯನ್ನು ನಿಲ್ಲಿಸಿದರು. ಪ್ರತಿಮೆಗಿಂತ ಆ ನಡಿಗೆಯು ದೊಡ್ಡದು. ನಮ್ಮ ಮನೆಗಳಲ್ಲಿ ಬೆಕ್ಕಿನ ಆಟವು ಗಂಡಸರಿಗೂ ಮಕ್ಕಳಿಗೂ, ಅದರ ಹೊಲಸನ್ನು ತೆಗೆಯುವುದು ಹೆಂಗಸರಿಗೋ ಕೆಲಸದವರಿಗೋ ಎಂಬ ವಿಭಾಗವು ಸಾಮಾನ್ಯ. ಆಮೇಲೆ ಬೆಕ್ಕನ್ನು ಬೈಯುವವರೆಂದು ಅವರನ್ನೇ ನಿರ್ದಯರೆನ್ನುವೆವು. ತನ್ನ ಪ್ರೀತಿಯ ಭಾರವನ್ನು ಇನ್ನೊಬ್ಬರ ಬೆನ್ನ ಮೇಲೆ ಹೊರಿಸಿದವನ ಪ್ರೀತಿಗೆ ಎಷ್ಟು ಬೆಲೆಯೆಂಬುದನ್ನು ವಾಚಕರೇ ನಿರ್ಣಯಿಸಲಿ.

ಸಾಕಿದ ಪ್ರಾಣಿಯ ಗುಣದೋಷಗಳಲ್ಲಿ ಸಾಕಿದವರ ಪಾಲೂ ಉಂಟು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಮಕ್ಕಳಿಲ್ಲ. ರಾಯನು ಬೆಕ್ಕಿನ ಪೋಷಣೆಗೆಂದು ಹಸುವನ್ನು ಕೊಟ್ಟರೆ, ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನಿಟ್ಟು ಅದರ ಬಾಯನ್ನು ಸುಡಿಸಿದನು. ಆಮೇಲೆ ಹಾಲನ್ನು ಕಂಡರೆ ಅದು ಓಡತೊಡಗಿತು. ಹಾಲು ಅವನ ಪಾಲಾಯಿತು. ಆ ಚಾತುರ್ಯಕ್ಕೆ ನಾವು ನಗುತ್ತ ಬಂದಿದ್ದೇವೆ. ಬಡಕಲಾದ ಆ ಬೆಕ್ಕನ್ನು ಆಸ್ಥಾನದಲ್ಲಿ ನೋಡಿದವರು "ಇದೆಂಥ ಹುಚ್ಚು ಬೆಕ್ಕು, ಹಾಲೊಲ್ಲದು" ಎಂದಿರಬೇಕು. ಪರಚುವ ಬೆಕ್ಕು, ಅಡಗುವ ಬೆಕ್ಕು, ಕದಿಯುವ ಬೆಕ್ಕು ಎಂದು ನಾವು ದೂರುವ ಎಷ್ಟೋ ಬೆಕ್ಕುಗಳ ಹಿಂದೆ ಇಂಥ ಒಂದು ಬಿಸಿ ಹಾಲಿನ ಬಟ್ಟಲು ಇರಬಹುದು.

ಕೃತಘ್ನರಾರೆಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಹುದು. 'ಕೃತವನ್ನು', ಎಂದರೆ ತನಗೆ ಮಾಡಿದುದನ್ನು, ಅರಿತು ನೆನೆಯುವ ಶಕ್ತಿಯುಳ್ಳವನಿಗೆ ಮಾತ್ರ ಆ ದೋಷವು ತಗಲುವುದು. ಆ ಶಕ್ತಿ ಇರುವುದು ನಮಗೆ. ಬೆಕ್ಕು ನಮ್ಮಿಂದ ಪಡೆದುದು ಒಂದು ಹಿಡಿ ಆಹಾರ, ಒಂದು ಬೆಚ್ಚನೆಯ ಮೂಲೆ. ನಾವು ಅದರಿಂದ ಪಡೆದುದು ವರ್ಷವರ್ಷಗಳ ನಗು, ಒಂಟಿತನಕ್ಕೆ ಜೊತೆ, ತಾನಾಗಿ ಬಂದ ಸ್ನೇಹ. ಇದನ್ನು ಪಡೆದೂ ಬಾಡಿಗೆಯ ಮನೆಯನ್ನು ಬದಲಾಯಿಸುವಾಗ ಅದನ್ನು ಬೀಗ ಹಾಕಿದ ಬಾಗಿಲ ಮುಂದೆ ಬಿಟ್ಟು, "ಬೆಕ್ಕಿಗೆ ಮನೆಯ ಮೇಲೆಯೇ ಮೋಹ" ಎಂದು ಸಮಾಧಾನ ಮಾಡಿಕೊಂಡು ಗಾಡಿ ಹತ್ತುವವರುಂಟು.

ಮನೆಗೆ ಬೆಕ್ಕಿನ ಮರಿಯನ್ನು ತರುವವರು ಅದರ ಆಟವನ್ನು ನೋಡುವುದಕ್ಕೆ ಮುಂಚೆ ಕೆಲವು ಸಂಗತಿಗಳನ್ನು ನೆನೆಯುವುದೊಳ್ಳೆಯದು. ಮರಿತನವು ಕೆಲವು ತಿಂಗಳು. ಬೆಕ್ಕಿನ ಆಯುಸ್ಸು ಹನ್ನೆರಡು, ಹದಿನೈದು ವರ್ಷ. ಅಷ್ಟು ಕಾಲ ಅದರ ಆಹಾರವನ್ನೂ, ಮುಪ್ಪನ್ನೂ, ಕಾಯಿಲೆಯನ್ನೂ ನೋಡಿಕೊಳ್ಳುವವರು ಯಾರೆಂಬುದನ್ನು ಮನೆಯವರೆಲ್ಲರೂ ಕೂಡಿ ನಿಶ್ಚಯಿಸಬೇಕು. ಮರಿಗಳನ್ನು ಬಿಸಾಡುವ ಪ್ರಸಂಗವೇ ಬಾರದಂತೆ ಪಶುವೈದ್ಯರಿಂದ ಸಂತಾನನಿರೋಧದ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದು ಈ ಕಾಲದಲ್ಲಿ ಕಷ್ಟವಲ್ಲ. ಕೈಲಾಗದವರು ಪರರ ಮನೆಯ ಬೆಕ್ಕನ್ನು ನೋಡಿ ನಕ್ಕರೂ ಸಾಕು. ಕೈಲಾದವರು, ಅದು ಕರೆದರೆ ಬಾರದಿದ್ದಾಗಲೂ, ಹಬ್ಬದ ಪಾಯಸವನ್ನು ಮೂಸಿ ತಿರಸ್ಕರಿಸಿದಾಗಲೂ, ಮುದಿಯಾಗಿ ಆಟವನ್ನೆಲ್ಲ ಮರೆತು ಮೂಲೆಯಲ್ಲಿ ಮಲಗಿದಾಗಲೂ, ಅದರ ತಟ್ಟೆಯನ್ನು ಹೊತ್ತಿಗೆ ಸರಿಯಾಗಿ ಇಡಲಿ. ಧರ್ಮರಾಯನು ನಾಯಿಯ ಪಾಲಿಗೆ ನಿಂತುದು ಅದು ತನ್ನನ್ನು ಹೊಗಳಿತೆಂದಲ್ಲ, ಜೊತೆಯಲ್ಲಿ ಬಂದಿತೆಂದು.